ಕಿಣ್ವವೂ ಯೋಗವೂ: ಹುದುಗಿನ ಕೈಗಾರಿಕೆಯಲ್ಲಿ ಸ್ವಾಮ್ಯದ ವಿಚಾರ

ಕಿಣ್ವವೆಂಬ ಶಬ್ದವನ್ನು ಈಗಿನ ಕನ್ನಡ ವಿಜ್ಞಾನಗ್ರಂಥಗಳು ‘ಎನ್‌ಜೈಮ್’ ಎಂಬರ್ಥದಲ್ಲಿ ಪ್ರಯೋಗಿಸುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಸಂಸ್ಕೃತದಲ್ಲಿ ಇದರ ಅರ್ಥವು ಬೇರೆ. ಅಮರಸಿಂಹನು ಈ ಶಬ್ದವನ್ನು ನಗ್ನಹೂ ಎಂಬುದಕ್ಕೆ ಪರ್ಯಾಯವಾಗಿ ಪಠಿಸಿರುವನು. ಸುರೆಯನ್ನು ಹುದುಗೆಬ್ಬಿಸುವುದಕ್ಕಾಗಿ ಕೂಡಿಸುವ ಬೀಜದ್ರವ್ಯವೆಂದು ಅಭಿಪ್ರಾಯ. ಹಾಲಿಗೆ ಹೆಪ್ಪು ಹೇಗೋ ಸುರೆಗೆ ಕಿಣ್ವವು ಹಾಗೆ. ಈ ಎರಡು ಅರ್ಥಗಳೂ ತೀರ ದೂರವಾದವುಗಳಲ್ಲ. 1877ರಲ್ಲಿ ಜರ್ಮನಿಯ ಕ್ಯೂನೆ ಎಂಬ ಪಂಡಿತನು ‘ಎನ್‌ಜೈಮ್’ ಶಬ್ದವನ್ನು ನಿರ್ಮಿಸಿದಾಗ ‘ಹುದುಗಿನ ಒಳಗಿರುವುದು’ ಎಂಬ ಗ್ರೀಕ್ ಅರ್ಥವನ್ನೇ ಅವಲಂಬಿಸಿದನು. ಆದುದರಿಂದ ಕನ್ನಡದ ಪ್ರಯೋಗವು ಸಾಧುವೇ ಸರಿ. ಆದರೆ ಪ್ರಕೃತ ಲೇಖನದಲ್ಲಿ ಕಿಣ್ವವೆಂದರೆ ಪ್ರಾಚೀನಾರ್ಥದ ಬೀಜದ್ರವ್ಯವೆಂದೇ ತಿಳಿಯತಕ್ಕದ್ದು. ಈ ಬೀಜವು ಯಾರ ಸೊತ್ತು ಎಂಬ ಪ್ರಶ್ನೆಗೆ ಕಳೆದ ಒಂದೂವರೆ ಶತಮಾನದ ಕೈಗಾರಿಕೆಯು ಏನು ಉತ್ತರ ಕೊಟ್ಟಿತೆಂಬುದನ್ನು ಇಲ್ಲಿ ಪರಿಶೀಲಿಸಲಾಗುವುದು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ಅಲ್ಲಿ ಒಂದು ದ್ರೋಣದಷ್ಟು ಉದ್ದಿನ ಕಲ್ಕ, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ, ಮೋರಟಾದಿ ಮೂಲಿಕೆಗಳಲ್ಲಿ ಒಂದೊಂದು ಕರ್ಷ, ಇವುಗಳನ್ನು ಕೂಡಿಸಿ ಕಿಣ್ವವನ್ನು ಕಟ್ಟುವ ಕ್ರಮವು ಉಕ್ತವಾಗಿದೆ. ಈ ಕಿಣ್ವದಲ್ಲಿ ಮೂರು ಪ್ರಸ್ಥಗಳನ್ನು ಒಂದು ದ್ರೋಣ ನೀರಿಗೂ ಅರ್ಧ ಆಢಕ ಅಕ್ಕಿಗೂ ಸೇರಿಸಿದರೆ ಮೇದಕವೆಂಬ ಸುರೆಯ ಯೋಗವಾಗುತ್ತದೆ. ಉದ್ದು ಅಕ್ಕಿಗಳ ಜೋಡಿಯನ್ನು ಕಂಡು ನಮ್ಮ ಇಡ್ಡಲಿಗೆಯ ಮೂಲವು ಇಲ್ಲಿಯೇ ಇದೆಯೆಂದು ಹೇಳುವುದು ಸಾಹಸವಾದೀತು. ದ್ರವ್ಯಸಾಮ್ಯವೊಂದರಿಂದಲೇ ವಂಶವು ಸಿದ್ಧಿಸುವುದಿಲ್ಲ.

ನಮಗೆ ಇಲ್ಲಿ ಎರಡು ಅಂಶಗಳು ಮುಖ್ಯವಾದವು. ಮೊದಲನೆಯದು, ಕೌಟಿಲ್ಯನು ಕಿಣ್ವಬಂಧವನ್ನೂ ಯೋಗವನ್ನೂ ಬೇರೆಬೇರೆಯಾಗಿ ಹೇಳಿರುವುದು. ಎರಡನೆಯದು, ಸುರೆ ಕಿಣ್ವಗಳ ಸಾಮಗ್ರಿಯನ್ನು ಆಯ್ದು ಕೂಡಿಹಾಕುವ ಕೆಲಸವನ್ನು ಸ್ತ್ರೀಯರಿಗೂ ಬಾಲಕರಿಗೂ ವಿಧಿಸಿರುವುದು. ರಾಜನು ಸುರೆಯ ಮಾರಾಟವನ್ನು ತನ್ನ ಹಿಡಿತದಲ್ಲಿರಿಸಿಕೊಂಡನು; ಕಿಣ್ವದ ಸಾಮಗ್ರಿಯಾದರೋ ಹೆಸರಿಲ್ಲದವರ ಕೈಯಲ್ಲಿಯೇ ಸಿದ್ಧವಾಗುತ್ತಿತ್ತು.

ಪ್ರಾಚೀನರು ಕಿಣ್ವವನ್ನು ಜೀವಿಯೆಂದು ಅರಿತಿದ್ದರೆಂದು ಹೇಳುವವರುಂಟು. ಇದು ಪ್ರಮಾಣಸಮ್ಮತವಲ್ಲ. ಲೋಕಾಯತಿಕರು ಭೂತಗಳ ಸಂಯೋಗದಿಂದಲೇ ಚೈತನ್ಯವು ಹುಟ್ಟುವುದೆಂದು ಸಾಧಿಸುವಾಗ, ಕಿಣ್ವಾದಿಗಳಿಂದ ಮದಶಕ್ತಿಯು ಹುಟ್ಟುವುದನ್ನು ದೃಷ್ಟಾಂತವಾಗಿ ಕೊಟ್ಟರು. ಕಿಣ್ವವು ಜಡವೆಂದು ಉಭಯವಾದಿಗಳಿಗೂ ಸಮ್ಮತವಾಗಿದ್ದರೆ ಮಾತ್ರ ಆ ದೃಷ್ಟಾಂತವು ನಿಲ್ಲುತ್ತದೆ. ಅದನ್ನು ಖಂಡಿಸಿದವರಲ್ಲಿ ಯಾರೂ ಕಿಣ್ವವೇ ಸಜೀವವೆಂದು ಉತ್ತರ ಕೊಡಲಿಲ್ಲ. ಜಡದಿಂದ ಚೈತನ್ಯವೆಂಬ ವಾದಕ್ಕೆ ಆರಿಸಿಕೊಂಡ ವಸ್ತುವು ಸ್ವತಃ ಜೀವಿಗಳ ಸಮೂಹವಾಗಿದ್ದಿತೆಂಬುದು ಮುಂದೆ ತಿಳಿಯಬೇಕಾಗಿದ್ದಿತು.

ಅದನ್ನು ಸ್ಥಾಪಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರನು. ಹುದುಗುವಿಕೆಯು ಕೇವಲ ರಾಸಾಯನಿಕ ವಿಕಾರವೆಂದು ಲೀಬಿಗನು ಸಾರುತ್ತಿದ್ದ ಕಾಲದಲ್ಲಿ, ಲಿಲ್ ಪಟ್ಟಣದಲ್ಲಿದ್ದ ಪಾಶ್ಚರನು ಬೀಟ್‌ಗೆಡ್ಡೆಯ ಮದ್ಯವು ಕೆಡುವ ಕಾರಣವನ್ನು ಶೋಧಿಸಿದನು; 1857ರಲ್ಲಿ ಹಾಲು ಹುಳಿಯುವುದು ಒಂದು ಸೂಕ್ಷ್ಮಜೀವಿಯ ವ್ಯಾಪಾರದಿಂದಲೇ ಎಂದು ಪ್ರಕಟಿಸಿದನು. 1897ರಲ್ಲಿ ಬುಖ್ನರನು ಯೀಸ್ಟನ್ನು ಅರೆದು, ಜೀವಕೋಶವಿಲ್ಲದ ರಸದಿಂದಲೂ ಸಕ್ಕರೆಯನ್ನು ಹುದುಗಿಸಿ ತೋರಿಸಿದ ಮೇಲೆ ಉಭಯಪಕ್ಷಗಳಿಗೂ ಸಮನ್ವಯವಾಯಿತು. ಶಕ್ತಿಯು ಎನ್‌ಜೈಮಿನದು, ಅದನ್ನು ನಿರ್ಮಿಸುವುದು ಜೀವಿ.

ಪಾಶ್ಚರನು 1873ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟನ್ನು ಪಡೆದನು. ಬೀರನ್ನು ತಯಾರಿಸುವ ವಿಧಾನದಂತೆಯೇ, ರೋಗಬೀಜಗಳಿಲ್ಲದ ಯೀಸ್ಟನ್ನು ಕೂಡ ‘ತಯಾರಾದ ವಸ್ತು’ವೆಂದು ಹೇಳಿ ಅದರ ಮೇಲೆ ಸ್ವಾಮ್ಯವನ್ನು ಕೋರಲಾಗಿತ್ತು. ಕಿಣ್ವದ ಮೇಲೆಯೇ ಸ್ವಾಮ್ಯವನ್ನು ಕೋರಿದ ಪ್ರಸಿದ್ಧ ದೃಷ್ಟಾಂತವಿದು. ಇದಕ್ಕೆ ಪ್ರತಿಯಾಗಿ ಹತ್ತು ವರ್ಷಗಳ ತರುವಾಯ ಇನ್ನೊಂದು ನಡತೆಯು ಕಂಡುಬರುತ್ತದೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನನು 1883ರಲ್ಲಿ ಒಂದೇ ಕೋಶದಿಂದ ಶುದ್ಧವಾದ ಯೀಸ್ಟನ್ನು ಬೆಳೆಸಿದನು. ಕಾರ್ಖಾನೆಯ ಒಡೆಯನಾದ ಯಾಕೋಬ್ಸೆನನು ಅದನ್ನು ಗುಟ್ಟಾಗಿಡದೆ, ತನ್ನೊಡನೆ ಸ್ಪರ್ಧಿಸುತ್ತಿದ್ದ ಇತರ ಕಾರ್ಖಾನೆಗಳಿಗೂ ದೊರಕಿಸಿದನು. ನೆರೆಮನೆಗೆ ಹೆಪ್ಪು ಕೊಡುವ ಗೃಹಿಣಿಯ ಧರ್ಮವೇ ಇದೆಂದು ಹೇಳಬಹುದು.

ಜಪಾನಿನ ತಕಾಮಿನೆ ಜೋಕಿಚಿಯ ಚರಿತ್ರೆಯಲ್ಲಿ ಕಿಣ್ವ ಯೋಗಗಳ ಭೇದವು ಇನ್ನೂ ಸ್ಫುಟವಾಗಿದೆ. ಜಪಾನಿನವರು ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟನ್ನು ಬೆಳೆಸಿ ಅದರಿಂದ ಮದ್ಯವನ್ನೂ ವ್ಯಂಜನಗಳನ್ನೂ ತಯಾರಿಸುವುದು ಬಹುಕಾಲದಿಂದ ಬಂದ ರೂಢಿ. ತಕಾಮಿನೆಯು ಅಮೆರಿಕಕ್ಕೆ ಹೋಗಿ, ಅಕ್ಕಿಗೆ ಬದಲಾಗಿ ಅಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಗೋಧಿಯ ಬೂಸಾದ ಮೇಲೆ ಆ ಬೂಷ್ಟನ್ನು ಬೆಳೆಸಿದನು. ಮೊಳಕೆ ಬರಿಸಿದ ಜವೆಗೋಧಿಯ ಬದಲಿಗೆ ಇದನ್ನೇ ಬಳಸಬೇಕೆಂದು ಪಿಯೋರಿಯಾ ಪಟ್ಟಣದಲ್ಲಿ ಅವನು ಮಾಡಿದ ಯತ್ನವು ಮಾಲ್ಟು ತಯಾರಕರ ವಿರೋಧಕ್ಕೂ ಬೆಂಕಿಯ ಅನಾಹುತಕ್ಕೂ ಸಿಕ್ಕಿ ನಿಂತುಹೋಯಿತು. ಆದರೂ 1894ರಲ್ಲಿ ಪಿಷ್ಟವನ್ನು ಕರಗಿಸುವ ಎನ್‌ಜೈಮನ್ನು ಬೂಷ್ಟಿನಿಂದ ತೆಗೆಯುವ ವಿಧಾನಕ್ಕೆ ಪೇಟೆಂಟು ದೊರೆಯಿತು. ಮರುವರ್ಷ ‘ಟಾಕಾ ಡಯಾಸ್ಟೇಸ್’ ಎಂಬ ಜೀರ್ಣೌಷಧವು ಮಾರಾಟಕ್ಕೆ ಬಂದಿತು. ಇಲ್ಲಿ ಬೂಷ್ಟು ಪೂರ್ವಿಕರದು, ಯೋಗವು ಅವನದು. ಬೂಸಾವನ್ನು ಆರಿಸಿದುದು ಮತ್ತು ಸಾರವನ್ನು ಬೇರ್ಪಡಿಸಿದುದು ನಿಜವಾದ ಬುದ್ಧಿವ್ಯಾಪಾರ. ಅದಕ್ಕೆ ಫಲವು ಸಂದುದು ನ್ಯಾಯವೇ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ದೊಡ್ಡ ನಿರ್ಮಾಣಗಳಲ್ಲಿಯೂ ಇದೇ ರೀತಿಯು ಕಾಣುತ್ತದೆ. ಮ್ಯಾಂಚೆಸ್ಟರಿನಲ್ಲಿದ್ದ ಹೈಮ್ ವೈಜ್‌ಮನ್ನನು ಒಂದು ಬ್ಯಾಕ್ಟೀರಿಯದಿಂದ ಮುಸುಕಿನ ಜೋಳದ ಪಿಷ್ಟವನ್ನು ಅಸಿಟೋನನ್ನಾಗಿ ಪರಿವರ್ತಿಸುವ ವಿಧಾನಕ್ಕೆ 1915ರಲ್ಲಿ ಬ್ರಿಟಿಷ್ ಪೇಟೆಂಟನ್ನು ಕೋರಿದನು. ಯುದ್ಧಕಾಲದಲ್ಲಿ ಕಾರ್ಡೈಟ್ ಎಂಬ ಸಿಡಿಮದ್ದಿಗೆ ಆ ದ್ರವವು ಅವಶ್ಯವಾಗಿದ್ದಿತು. ಜೇಮ್ಸ್ ಕರಿ ಎಂಬವನು ಕಪ್ಪು ಬೂಷ್ಟೊಂದರಿಂದ ಸಕ್ಕರೆಯನ್ನು ಸಿಟ್ರಿಕ್ ಆಮ್ಲವಾಗಿಸುವ ಕ್ರಮವನ್ನು 1917ರಲ್ಲಿ ಪ್ರಕಟಿಸಿದುದರಿಂದ ಇಟಲಿಯ ನಿಂಬೆಯ ಅವಲಂಬನವು ತಪ್ಪಿತು. ಪೆನಿಸಿಲಿನ್ನಿನ ವೃತ್ತಾಂತವು ಪ್ರಸಿದ್ಧವಾದುದೇ. ಫ್ಲೆಮಿಂಗನು 1928ರಲ್ಲಿ ಅದರ ಗುಣವನ್ನು ಕಂಡನು; ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮುಂತಾದವರು 1940ರಲ್ಲಿ ಔಷಧಶಕ್ತಿಯನ್ನು ಸ್ಥಿರಪಡಿಸಿದರು. ಪೇಟೆಂಟು ಪಡೆಯಬೇಕೆಂದು ಚೈನನು ಒತ್ತಿಹೇಳಿದರೂ, ವೈದ್ಯಧರ್ಮಕ್ಕೆ ಅದು ಉಚಿತವಲ್ಲವೆಂದು ಹಿರಿಯರು ನಿರಾಕರಿಸಿದರು. ಬಳಿಕ ಅಮೆರಿಕದ ಅದೇ ಪಿಯೋರಿಯಾದ ಸರಕಾರಿ ಪ್ರಯೋಗಶಾಲೆಯಲ್ಲಿ, ಮುಸುಕಿನ ಜೋಳವನ್ನು ನೆನೆಯಿಸಿ ಉಳಿದ ದ್ರವದಲ್ಲಿ ಬೂಷ್ಟನ್ನು ಬೆಳೆಸಿದಾಗ ಉತ್ಪನ್ನವು ಬಹಳವಾಗಿ ಹೆಚ್ಚಿತು. ಅಲ್ಲಿಯ ಆಂಡ್ರ್ಯೂ ಮೋಯರನು ವಿಧಾನದ ಮೇಲೆ ಪೇಟೆಂಟುಗಳನ್ನು ಪಡೆದನು. ಉತ್ಕೃಷ್ಟವಾದ ಬೂಷ್ಟಿನ ತಳಿಯಾದರೋ 1943ರಲ್ಲಿ ಆ ಊರಿನ ಸಂತೆಯ ಕೊಳೆತ ಕರಬೂಜದ ಹಣ್ಣಿನಿಂದ ದೊರಕಿದ್ದು.

ಈ ಮರ್ಯಾದೆಯು ಬದಲಾದುದು ಆನಂದಮೋಹನ ಚಕ್ರವರ್ತಿಯವರ ವ್ಯವಹಾರದಲ್ಲಿ. ವಂಗದೇಶದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಈ ವಿದ್ವಾಂಸರು, ಕಚ್ಚಾ ಎಣ್ಣೆಯ ಬೇರೆಬೇರೆ ಅಂಶಗಳನ್ನು ಜೀರ್ಣಿಸತಕ್ಕ ಶಕ್ತಿಗಳನ್ನು ಒಂದೇ ಬ್ಯಾಕ್ಟೀರಿಯದಲ್ಲಿ ಕೂಡಿಸಿ 1972ರಲ್ಲಿ ಪೇಟೆಂಟಿಗೆ ಅರ್ಜಿ ಮಾಡಿದರು. ಅದನ್ನು ಉಂಟುಮಾಡುವ ವಿಧಾನವನ್ನು ಅಧಿಕಾರಿಗಳು ಒಪ್ಪಿದರು. ಹುಲ್ಲು ಮುಂತಾದ ತೇಲುವ ವಸ್ತುಗಳಲ್ಲಿ ಅದನ್ನು ಸೇರಿಸಿದ ಬೀಜದ್ರವ್ಯವನ್ನೂ ಒಪ್ಪಿದರು. ಜೀವಿಯನ್ನು ಮಾತ್ರ ಒಪ್ಪಲಿಲ್ಲ. 1980ನೆಯ ಇಸವಿ ಜೂನ್ 16ರಂದು ಅಲ್ಲಿಯ ಸುಪ್ರೀಂ ಕೋರ್ಟು, ಐವರ ಮತಕ್ಕೆ ನಾಲ್ವರು ಭಿನ್ನರಾಗಿರಲು, ಮನುಷ್ಯಕೃತವಾದ ಜೀವಿಯೂ ಪೇಟೆಂಟಿಗೆ ಅರ್ಹವೆಂದು ತೀರ್ಮಾನಿಸಿತು. ಆ ತೀರ್ಪಿನಲ್ಲಿ ಪಾಶ್ಚರನ 1873ರ ಪೇಟೆಂಟಿನ ಉಲ್ಲೇಖವೂ ಇದೆ. ಕೋರ್ಟು ಹಿಡಿದ ವಿವೇಕವು ಜಡ ಚೇತನಗಳದ್ದಲ್ಲ, ಪ್ರಕೃತಿಕೃತ ಮನುಷ್ಯಕೃತಗಳದ್ದು.

ಭರತಖಂಡದಲ್ಲಿಯೂ ಈ ಪ್ರಶ್ನೆಯು ಎದ್ದಿತು. ಸಜೀವ ವೈರಸ್ಸುಳ್ಳ ಲಸಿಕೆಯ ತಯಾರಿಕೆಯ ವಿಧಾನಕ್ಕೆ ಪೇಟೆಂಟು ಕಚೇರಿಯು ಅನುಮತಿಯನ್ನು ನಿರಾಕರಿಸಲು, ಡಿಮಿನಾಕೊ ವ್ಯಾಜ್ಯದಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು 2002ರಲ್ಲಿ ಆ ಕಾರಣವು ಸಲ್ಲದೆಂದು ನಿರ್ಣಯಿಸಿತು. ಆದರೆ ಪ್ರಕೃತಿಯಲ್ಲಿರುವ ಜೀವಿಯನ್ನು ಕಂಡುಹಿಡಿದ ಮಾತ್ರಕ್ಕೆ ಅದು ನೂತನ ನಿರ್ಮಾಣವಾಗದೆಂದು ನಮ್ಮ ಪೇಟೆಂಟು ಕಾಯಿದೆಯು ಹೇಳುತ್ತದೆ; ಪರಂಪರಾಗತ ಜ್ಞಾನವನ್ನೂ ಹೊರಗಿಟ್ಟಿದೆ.

ಇನ್ನೊಂದು ತೊಡಕು ಗಮನಾರ್ಹವಾದುದು. ಯೋಗವನ್ನು ಬರೆದಿಡಬಹುದು, ಕಿಣ್ವವನ್ನು ಬರೆಯಲಾಗದು. ಕೌಟಿಲ್ಯನ ಮಾನಗಳನ್ನು ನಾವು ಇಂದೂ ಓದಬಲ್ಲೆವು. ಆ ಕಾಲದ ಕಿಣ್ವವು ನಮಗೆ ದೊರೆಯಲಾರದು. ಈ ಕೊರತೆಗೆ ಪರಿಹಾರವಾಗಿ 1977ರ ಬುಡಾಪೆಸ್ಟ್ ಒಪ್ಪಂದವು ಸೂಕ್ಷ್ಮಜೀವಿಯನ್ನು ಅಧಿಕೃತ ಸಂಗ್ರಹಾಲಯದಲ್ಲಿ ಠೇವಣಿಯಿಡುವ ಏರ್ಪಾಟನ್ನು ಮಾಡಿತು. ಭಾರತವು ಇದಕ್ಕೆ 2001ರಲ್ಲಿ ಸೇರಿತು. ಚಂಡೀಗಢದ ಸಂಗ್ರಹಾಲಯವು ಮರುವರ್ಷ ಮಾನ್ಯತೆಯನ್ನು ಪಡೆಯಿತು. ಬೀಜವನ್ನು ಪರರ ಪರೀಕ್ಷೆಗೆ ಒಪ್ಪಿಸದವನಿಗೆ ಸ್ವಾಮ್ಯವನ್ನು ಕೊಡಲಾಗದೆಂಬ ತತ್ತ್ವವು ಇದರಲ್ಲಿ ಗರ್ಭಿತವಾಗಿದೆ.

ಇಷ್ಟರಿಂದ ಸಿದ್ಧಿಸುವುದು ಹೀಗಿದೆ. ಹುದುಗಿನ ಕೈಗಾರಿಕೆಯಲ್ಲಿ ಶೋಧಕನ ಯಶಸ್ಸು ಬಹುಮಟ್ಟಿಗೆ ಯೋಗದಲ್ಲಿದೆ. ಆ ಮಟ್ಟಿಗೆ ಅವನ ಹಕ್ಕು ಅಬಾಧಿತವಾದುದು. ಅವನು ಬೀಜವನ್ನೇ ಮಾರ್ಪಡಿಸಿದ್ದರೆ ಮಾರ್ಪಾಡಿನ ಮಟ್ಟಿಗೆ ಅದೂ ಅವನದೇ. ಮಾರ್ಪಡದ ಬೀಜವಾದರೋ, ಅದನ್ನು ಮನೆಯಿಂದ ಮನೆಗೆ ಕೊಟ್ಟು ತಲೆಮಾರುಗಳವರೆಗೆ ಉಳಿಸಿದವರದು. ಕೌಟಿಲ್ಯನು ಆ ಸ್ತ್ರೀಯರ ಕೆಲಸವನ್ನು ಹೇಳಿದನು, ಹೆಸರುಗಳನ್ನು ಹೇಳಲಿಲ್ಲ. ಹೆಸರು ತಿಳಿಯದೆಂಬ ಕಾರಣದಿಂದ ಋಣವು ಇಲ್ಲವೆಂದು ತೀರ್ಮಾನಿಸುವುದು ಶಾಸ್ತ್ರಸಮ್ಮತವೂ ಅಲ್ಲ, ನ್ಯಾಯಸಮ್ಮತವೂ ಅಲ್ಲ.