ಎಣಿಸಿದವರು, ಉಳಿಸಿದವರು



ನಾವು ನೆಲೆಸಿರುವ ಅಮೆರಿಕದ ಇತಿಹಾಸವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅಧ್ಯಕ್ಷರ, ಯುದ್ಧಗಳ, ಯಂತ್ರಗಳ ಆ ಕಥೆಯಲ್ಲಿ, ಸಂಬಳದ ಹಂಗಿಲ್ಲದೆ ಹಕ್ಕಿಗಳನ್ನು ನೋಡಿ ಬರೆದಿಟ್ಟ ಸಾಮಾನ್ಯರಿಗೂ ಒಂದು ಸ್ಥಾನ ಸಲ್ಲಬೇಕು. ಅವರನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಸಿರಿವಂತ ಮಹಿಳೆಯರ ಟೋಪಿಗಳನ್ನು ಬೆಳ್ಳಕ್ಕಿಯ ಗರಿಗಳು ಅಲಂಕರಿಸುತ್ತಿದ್ದವು. ಗರಿ ಸೊಗಸಾಗಿರುವುದು ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ. ಆಗ ದೊಡ್ಡ ಹಕ್ಕಿಗಳನ್ನು ಕೊಂದರೆ ಗೂಡಿನಲ್ಲಿದ್ದ ಮರಿಗಳೂ ಹಸಿದು ಸಾಯುತ್ತಿದ್ದವು. 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಎಂಬುವರು ಗೆಳತಿಯರನ್ನು ಚಹಾಕ್ಕೆ ಆಹ್ವಾನಿಸಿ, ಇಂಥ ಟೋಪಿಗಳನ್ನು ತೊರೆಯುವಂತೆ ಮನವೊಲಿಸಿದರು. ಆ ಕೂಟಗಳಿಂದಲೇ ಮ್ಯಾಸಚೂಸೆಟ್ಸ್ ಆಡುಬಾನ್ ಸಂಘ ಜನ್ಮತಾಳಿತು. ವಲಸೆ ಹಕ್ಕಿಗಳನ್ನು ರಕ್ಷಿಸುವ 1918ರ ಕಾಯಿದೆಯ ಹಿಂದೆ ಇಂಥ ಸಂಘಗಳ ಶ್ರಮವಿತ್ತು.

ಅಂದು ಕ್ರಿಸ್‌ಮಸ್ ಹಬ್ಬದಲ್ಲಿ ತಂಡ ಕಟ್ಟಿಕೊಂಡು ಬೇಟೆಗೆ ಹೊರಡುವ ರೂಢಿಯೂ ಇತ್ತು. ಹೆಚ್ಚು ಕೊಂದ ತಂಡಕ್ಕೆ ಗೆಲುವು. ನ್ಯೂಯಾರ್ಕಿನ ಪ್ರಾಕೃತಿಕ ವಸ್ತುಸಂಗ್ರಹಾಲಯದ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಅವರು 1900ರಲ್ಲಿ ತಮ್ಮ ‘ಬರ್ಡ್-ಲೋರ್’ ಪತ್ರಿಕೆಯ ಓದುಗರಿಗೆ, ಕೊಲ್ಲುವ ಬದಲು ಎಣಿಸಿರೆಂದು ಸೂಚಿಸಿದರು. ಆ ಡಿಸೆಂಬರ್ 25ರಂದು 25 ಸ್ಥಳಗಳಲ್ಲಿ 27 ಮಂದಿ ಸುಮಾರು 90 ಜಾತಿಯ ಹಕ್ಕಿಗಳನ್ನು ಗುರುತಿಸಿದರು. ಆ ಗಣತಿ ಇಂದಿಗೂ ನಿಂತಿಲ್ಲ. ಪ್ರತಿವರ್ಷ ಡಿಸೆಂಬರ್ 14ರಿಂದ ಜನವರಿ 5ರ ಒಳಗೆ, 15 ಮೈಲಿ ವ್ಯಾಸದ ಗೊತ್ತಾದ ವೃತ್ತಗಳಲ್ಲಿ ಸ್ವಯಂಸೇವಕರು ಎಣಿಸುತ್ತಾರೆ. ಅದೇ ವೃತ್ತವನ್ನು ಮತ್ತೆಮತ್ತೆ ಎಣಿಸುವುದರಿಂದ ವರ್ಷವರ್ಷದ ಏರಿಳಿತ ತಿಳಿಯುತ್ತದೆ.

ಇಂಥ ಎಣಿಕೆಯ ಬೆಲೆ ಏನೆಂಬುದಕ್ಕೆ ಚಾರ್ಲ್ಸ್ ಬ್ರೋಲಿಯವರೇ ಸಾಕ್ಷಿ. ಕೆನಡಾದ ವಿನ್ನಿಪೆಗ್‌ನಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದು ನಿವೃತ್ತರಾದ ಅವರು, 1939ರಿಂದ ಫ್ಲಾರಿಡಾದ ಎತ್ತರದ ಮರಗಳನ್ನು ತಾವೇ ಏರಿ, ಬಾಲ್ಡ್ ಈಗಲ್ ಎಂಬ ಬಿಳಿತಲೆಯ ಹದ್ದಿನ ಮರಿಗಳ ಕಾಲಿಗೆ ಗುರುತಿನ ಬಳೆ ತೊಡಿಸತೊಡಗಿದರು. ಹತ್ತು ವರ್ಷಗಳಲ್ಲಿ ಸಾವಿರ ಮರಿಗಳಾದವು. 1947ರಿಂದ ಗೂಡುಗಳು ಬರಿದಾಗತೊಡಗಿದವು; 1958ರಲ್ಲಿ ನೂರು ಮೈಲಿಗೂ ಹೆಚ್ಚು ಕರಾವಳಿ ಅಲೆದ ಮೇಲೆ ಅವರಿಗೆ ಸಿಕ್ಕಿದ್ದು ಒಂದೇ ಮರಿ. ರೇಚೆಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಕೀಟನಾಶಕಗಳ ವಿರುದ್ಧ ಈ ದಾಖಲೆಯನ್ನು ಮುಂದಿಟ್ಟರು. 1972ರಲ್ಲಿ ಅಮೆರಿಕ ಡಿ.ಡಿ.ಟಿ.ಯನ್ನು ನಿಷೇಧಿಸಿತು. 2007ರಲ್ಲಿ ಆ ಹದ್ದು ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಹೊರಬಂದಿತು. 1959ರಲ್ಲೇ ತೀರಿಕೊಂಡ ಬ್ರೋಲಿ ಇದಾವುದನ್ನೂ ಕಾಣಲಿಲ್ಲ.

ಕೆಲಸ ಮುಗಿದಿಲ್ಲ. 1970ರಿಂದೀಚೆಗೆ ಉತ್ತರ ಅಮೆರಿಕ ಸುಮಾರು ಮುನ್ನೂರು ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆಯೆಂದು 2019ರಲ್ಲಿ ವಿಜ್ಞಾನಿಗಳು ಸಾರಿದರು. ಆ ಲೆಕ್ಕಕ್ಕೂ ಸ್ವಯಂಸೇವಕರ ದಶಕಗಳ ಟಿಪ್ಪಣಿಗಳೇ ಬಹುಮಟ್ಟಿಗೆ ಆಧಾರ.

ಕನ್ನಡ ನಾಡಿನಲ್ಲಿಯೂ ಇಂಥವರಿದ್ದಾರೆ. ಬೆಂಗಳೂರಿನ ಪಕ್ಷಿವೀಕ್ಷಕರ ಸಂಘ 1972ರಲ್ಲೇ ಆರಂಭವಾಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರೂ ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ವೂ ಜೊತೆಗೂಡಿ, ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳಿಗೆ ಮೀನುಣಿಸಿ ಸಾಕಿದರು. ಹಿತ್ತಿಲ ಹುಣಸೆಮರದ ಹಕ್ಕಿಯನ್ನು ಮನೆಮಗಳೆಂದು ಬಗೆಯುವ ಊರದು.

ಹೆತ್ತ ನಾಡಿನ ಋಣದಂತೆ ನೆಲೆಯಿತ್ತ ನಾಡಿನ ಋಣವೂ ನಮ್ಮ ಮೇಲಿದೆ. ನಮ್ಮ ಮನೆಯಂಗಳದ ಹಕ್ಕಿಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗಣತಿಗೆ ಪಾಂಡಿತ್ಯ ಬೇಕಿಲ್ಲ. ಹೊಸಬರನ್ನು ಅನುಭವಿಗಳ ಜೊತೆ ಕಳುಹಿಸುತ್ತಾರೆ. ಬರುವ ಡಿಸೆಂಬರಿನಲ್ಲಿ ಒಂದು ಬೆಳಗನ್ನು ಇದಕ್ಕಾಗಿ ಮೀಸಲಿಡೋಣ, ಮಕ್ಕಳ ಕೈಗೆ ಪೆನ್ಸಿಲ್ ಕೊಡೋಣ.