ಬೀಟಾ ಕೋಶಗಳ ನಾಶ: ಒಂದು ಶೋಧದ ಇತಿಹಾಸ

1921-22ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತ ಮೇಲೆ ಮಧುಮೇಹಿ ಮಕ್ಕಳು ಬದುಕತೊಡಗಿದರು. ಅವರ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಬತ್ತಿದ್ದೇಕೆ ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯಿತು. ಚಿಕಿತ್ಸೆಯ ಯಶಸ್ಸೇ ಇದಕ್ಕೆ ಕಾರಣವಾಗಿರಬೇಕು.

1965ರಲ್ಲಿ ಬೆಲ್ಜಿಯಂನ ವಿಲ್ಲಿ ಗೆಪ್ಟ್ಸ್, ರೋಗ ಕಾಣಿಸಿಕೊಂಡ ಕೆಲವೇ ತಿಂಗಳುಗಳಲ್ಲಿ ಮೃತರಾದ 22 ಎಳೆಯ ರೋಗಿಗಳ ಗ್ರಂಥಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 15ರಲ್ಲಿ ಲ್ಯಾಂಗರ್‌ಹಾನ್ಸ್ ದ್ವೀಪಗಳನ್ನು ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಮುತ್ತಿದ್ದವು. ದೀರ್ಘಕಾಲ ಬದುಕಿದವರಲ್ಲಿ ಬೀಟಾ ಕೋಶಗಳೊಡನೆ ಮುತ್ತಿಗೆಯ ಗುರುತೂ ಬಹುಮಟ್ಟಿಗೆ ಅಳಿಸಿಹೋಗುತ್ತಿತ್ತು. ಸಾಕ್ಷ್ಯ ಉಳಿದುದು ಬೇಗನೆ ತೀರಿಕೊಂಡವರಲ್ಲಿ.

1974ರಲ್ಲಿ ಲಂಡನ್ನಿನ ಬೊಟ್ಟಾಜೊ, ಡೋನಿಯಾಕ್ ಮೊದಲಾದವರು ರೋಗಿಗಳ ರಕ್ತದಲ್ಲಿ ದ್ವೀಪಕೋಶಗಳಿಗೆ ವಿರುದ್ಧವಾದ ಪ್ರತಿಕಾಯಗಳನ್ನು ಗುರುತಿಸಿದರು. ಹಾಗಾದರೆ ಪ್ರತಿಕಾಯವೇ ಹಂತಕನೆ? ಬಿ ಕೋಶಗಳ ತೀವ್ರ ಕೊರತೆಯೊಡನೆ ಜನಿಸಿದ, ಪ್ರತಿಕಾಯ ತಯಾರಿಸಲಾರದ ಬಾಲಕನೊಬ್ಬನಿಗೂ ಈ ಮಧುಮೇಹ ಬಂದುದು 2001ರಲ್ಲಿ ವರದಿಯಾಯಿತು. ನಾಶದ ಮುಖ್ಯ ಕರ್ತೃ ಸಿಡಿ8 ಟಿ ಕೋಶ. ಬೀಟಾ ಕೋಶವು ತನ್ನ ಹೊರಮೈಯಲ್ಲಿ ಪ್ರದರ್ಶಿಸುವ ಇನ್ಸುಲಿನ್ ಮುಂತಾದವುಗಳ ತುಣುಕುಗಳನ್ನು ಅದು ಶತ್ರುವೆಂದು ಬಗೆದು, ಪರ್ಫೊರಿನ್‌ನಿಂದ ಕೋಶಪೊರೆಯನ್ನು ರಂಧ್ರಗೊಳಿಸಿ ಗ್ರಾಂಜೈಮ್ ಕಿಣ್ವಗಳನ್ನು ಒಳಸೇರಿಸುತ್ತದೆ.

ಟಿ ಕೋಶಗಳನ್ನು ಹತ್ತಿಕ್ಕುವ ಟೆಪ್ಲಿಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2022ರಲ್ಲಿ ಅನುಮತಿ ದೊರೆಯಿತು. ಅದು ರೋಗದ ಆರಂಭವನ್ನು ಮುಂದೂಡುತ್ತದೆ, ಇಲ್ಲವಾಗಿಸುವುದಿಲ್ಲ. ಅದನ್ನು ಯಾರಿಗೆ ಕೊಡಬೇಕೆಂಬುದನ್ನು ತಿಳಿಯಲು ನೋಡುವ ಗುರುತುಗಳಲ್ಲಿ ಮುಖ್ಯವಾದುದು, ಹಂತಕನಲ್ಲದ ಆ ಪ್ರತಿಕಾಯವೇ.