ಅರಣ್ಯವಯೋನಿರ್ಣಯ ಮತ್ತು ಕಾಳ್ಗಿಚ್ಚಿನ ನಷ್ಟಪತ್ತೆ (ಉಪಗ್ರಹಚಿತ್ರಗಳಿಂದ)
ಉಪಗ್ರಹಗಳು ಒಂದೇ ನೆಲವನ್ನು ವರ್ಷಾನುವರ್ಷ ಸೆರೆಹಿಡಿದ ಚಿತ್ರಗಳನ್ನು ತುಲನೆಮಾಡಿ, ಕಾಡಿನ ವಯಸ್ಸನ್ನು ಅಂದಾಜಿಸುವ ಹಾಗೂ ಕಾಳ್ಗಿಚ್ಚಿಗೆ ಆಹುತಿಯಾದ ಭಾಗವನ್ನು ಗುರುತಿಸುವ ದೂರಸಂವೇದನಾ ವಿಧಾನ. 1972ರಲ್ಲಿ ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದಿಂದ ಇದಕ್ಕೆ ಆಧಾರವಾದ ಚಿತ್ರಭಂಡಾರ ಮೊದಲಾಯಿತು. 1982ರ ನಾಲ್ಕನೆಯ ಲ್ಯಾಂಡ್‌ಸ್ಯಾಟ್ 30 ಮೀಟರ್ ವಿವರದ ಚಿತ್ರಗಳನ್ನು ಒದಗಿಸಿತು. 2008ರಲ್ಲಿ ಸಂಗ್ರಹವು ಉಚಿತವಾಗಿ ದೊರೆಯತೊಡಗಿದ ಮೇಲೆಯೇ ವಿಧಾನವು ಸರ್ವತ್ರ ಬಳಕೆಗೆ ಬಂದಿತು.

ಹಸುರೆಲೆಯು ಸಮೀಪ ಅವಕೆಂಪು ಕಿರಣಗಳನ್ನು ಹೇರಳವಾಗಿ ಪ್ರತಿಫಲಿಸಿ, ತನ್ನೊಳಗಿನ ನೀರಿನ ದೆಸೆಯಿಂದ ಹ್ರಸ್ವತರಂಗದ ಅವಕೆಂಪನ್ನು ಹೀರಿಕೊಳ್ಳುವುದು. ಸುಟ್ಟ ನೆಲದಲ್ಲಿ ಮೊದಲನೆಯದರ ಪ್ರತಿಫಲನ ಕುಗ್ಗಿ ಎರಡನೆಯದರ ಪ್ರತಿಫಲನ ಹೆಚ್ಚುವುದು. ಇವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಪಡೆದ ದಹನಸೂಚ್ಯಂಕವು ಬೆಂಕಿಯ ಮುನ್ನಿಗಿಂತ ಬಳಿಕ ಎಷ್ಟು ಇಳಿಯಿತೆಂಬುದೇ ಹಾನಿಯ ತೀವ್ರತೆಯ ಅಳತೆ. ವಯಸ್ಸಾದರೋ ನೇರವಾಗಿ ಕಾಣತಕ್ಕದ್ದಲ್ಲ: ಕಡಿತದಿಂದಲೋ ಬೆಂಕಿಯಿಂದಲೋ ಸೂಚ್ಯಂಕ ಥಟ್ಟನೆ ಕುಸಿದ ವರ್ಷವನ್ನು ಹುಡುಕಿ, ಅಲ್ಲಿಂದೀಚೆಗೆ ಕಳೆದ ಕಾಲವನ್ನೇ ಮರುಬೆಳೆದ ಕಾಡಿನ ಪ್ರಾಯವೆಂದು ಎಣಿಸುವರು. ಆದುದರಿಂದ ಚಿತ್ರಭಂಡಾರಕ್ಕಿಂತ ಹಳೆಯದಾದ ವೃಕ್ಷಸಮೂಹಕ್ಕೆ ಈ ಗಣನೆ ಸಲ್ಲದು; ಅಲ್ಲಿ ಲೇಸರ್‌ನಿಂದ ಅಳೆದ ಮರಗಳ ಎತ್ತರವೂ ಕ್ಷೇತ್ರಮಾಪನವೂ ನೆರವಿಗೆ ಬೇಕು.

2019ರ ಫೆಬ್ರವರಿಯಲ್ಲಿ ಬಂಡೀಪುರ ಅರಣ್ಯಕ್ಕೆ ಬೆಂಕಿ ಹತ್ತಿದಾಗ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದನಾ ಕೇಂದ್ರವು ಸುಟ್ಟ ವಿಸ್ತಾರವನ್ನು ಉಪಗ್ರಹಚಿತ್ರಗಳಿಂದ ಸುಮಾರು 4,400 ಹೆಕ್ಟೇರ್ ಎಂದು ಗಣಿಸಿತು. ಇಂಥ ಎಲೆಯುದುರುವ ಕಾಡಿನಲ್ಲಿ ಬೇಸಗೆಯ ಬೋಳುಮರಗಳೂ ಸುಟ್ಟವುಗಳಂತೆ ತೋರಬಹುದಾದ್ದರಿಂದ ಹಿಂದಿನ ವರ್ಷದ ಅದೇ ಮಾಸದ ಚಿತ್ರದೊಡನೆ ಹೋಲಿಸುವುದು ಅತ್ಯಗತ್ಯ. ದಟ್ಟ ಮೇಲ್ಚಾವಣಿಯ ಕೆಳಗೆ ತರಗೆಲೆಯನ್ನಷ್ಟೇ ಸುಡುತ್ತ ಸಾಗುವ ನೆಲಬೆಂಕಿಯಾದರೋ ಅನೇಕ ವೇಳೆ ಉಪಗ್ರಹದ ದೃಷ್ಟಿಗೆ ಬೀಳುವುದೇ ಇಲ್ಲ.